ಚಂಗವ್ವನ ಮನೆಯ ಐದು ಬಾಗಿಲು

ಒಂದು ಕಾಡಿನಲ್ಲಿ ಒಂದು ಮೊಲದ ಸಂಸಾರವಿತ್ತು. ಹೆಂಡತಿ ಚಂಗವ್ವ, ಗಂಡ ಕಿವಿಯಪ್ಪ, ಮೂರು ಮರಿಗಳು. ಅವರ ಬಿಲಕ್ಕೆ ಐದು ಬಾಗಿಲು. ಮರುದಿನ ಯಾವ ಬಾಗಿಲಿನಿಂದ ಮೇಯಲು ಹೋಗುವುದು ಎಂದು ಪ್ರತಿ ಸಂಜೆ ಒಟ್ಟಿಗೆ ಕೂತು ತೀರ್ಮಾನಿಸುವುದು ಆ ಮನೆಯ ಪದ್ಧತಿ. ಹೊರಗೆ ಹೊಂಚುವ ನರಿ ಜಂಬೂರಾಯನಿಗೆ ಅದು ತಿಳಿಯಬಾರದಲ್ಲ!

ಜಂಬೂರಾಯ ಉಪಾಯ ಮಾಡಿದ. ಕಾಗೆಯ ಮೂಲಕ ಒಂದು ದೊಡ್ಡ ಟೀವಿ ಕಳಿಸಿದ. ‘ಲಕ್ಕಿ ಡ್ರಾದಲ್ಲಿ ಬಂದಿದೆ, ನೆಟ್ ಕೂಡ ಪುಕ್ಕಟೆ,’ ಎಂದಿತು ಕಾಗೆ.

ಟೀವಿ ಹಚ್ಚಿದರೆ ಪರದೆ ತುಂಬ ಸಣ್ಣಕ್ಷರ. ಹನ್ನೊಂದನೇ ಸಾಲಿನಲ್ಲಿ ‘ನಿಮ್ಮ ಮನೆಯ ಮಾತು ನಮಗೆ ಕೇಳಿಸುತ್ತದೆ’ ಎಂದೂ ಇತ್ತು.

‘ಓದ್ರೀ ಸ್ವಲ್ಪ,’ ಎಂದಳು ಚಂಗವ್ವ.

‘ಧಾರಾವಾಹಿ ಶುರುವಾಗ್ತಿದೆ ಕಣೇ!’ ಕಿವಿಯಪ್ಪ ‘ಒಪ್ಪಿದೆ’ ಒತ್ತಿಬಿಟ್ಟ.

ಅಂದಿನಿಂದ ಬಾಗಿಲಿನ ತೀರ್ಮಾನವೂ ಟೀವಿ ಮುಂದೆಯೇ ಆಯಿತು. ಮರುದಿನ ಅವರು ಆರಿಸಿದ ಹುಣಸೆಮರದ ಬುಡದ ಬಾಗಿಲಲ್ಲಿ ನರಿ. ಅದರ ಮರುದಿನ ಬಂಡೆ ಬಾಗಿಲಲ್ಲೂ ನರಿ! ಚಿಕ್ಕ ಮರಿಯ ಬಾಲದ ತುದಿಯೇ ಹೋಯಿತು.

ಚಂಗವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಿಲದ ತುಂಬ ಓಡಾಡಿದಳು. ಮರಿಗಳನ್ನು ಮತ್ತೆ ಮತ್ತೆ ಎಣಿಸಿದಳು. ಕೊನೆಗೆ ಗಂಡನನ್ನು ಹೊರಗೆಳೆದಳು.

‘ರೀ, ಮನೆಯಲ್ಲಿ ಇನ್ಯಾರೋ ಇದ್ದಾರೆ.’

‘ನಾವೇ ಐದು ಜನ ಇದ್ದೀವಲ್ಲೇ, ಸಾಲದಾ?’

‘ಬೆಳಿಗ್ಗೆ ಗರಿಕೆ ಮುಗೀತು ಅಂದೆ. ಆಗಲೇ ಟೀವಿಯಲ್ಲಿ ಗರಿಕೆ ಜಾಹೀರಾತು ಬಂತು. ನಾನಂದಿದ್ದು ನಿಮಗೆ ಕೇಳಿಸಿತ್ತಾ?’

‘ಇಲ್ವಲ್ಲ.’

‘ನೋಡಿ ಮತ್ತೆ! ಇಷ್ಟುದ್ದ ಕಿವಿ ಇಟ್ಟುಕೊಂಡು ನಿಮಗೆ ಕೇಳಿಸಲಿಲ್ಲ, ಆ ಟೀವಿಗೆ ಕೇಳಿಸಿದೆ!’

ಆಕೆ ನೇರ ಪಕ್ಕದ ಮನೆಯ ಮುಳ್ಳುಹಂದಿ ಮುಳ್ಳಪ್ಪನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದಳು. ಬಂದವಳೇ ಟೀವಿ ಮುಂದೆ ನಿಂತು ಕೂಗಿದಳು: ‘ಮಕ್ಕಳೇ, ನಾಳೆ ಹುತ್ತದ ಬಾಗಿಲು! ನೀವೇ ಮೊದಲು ಹೊರಡಿ!’

ಬೆಳಗಾಗುತ್ತಲೇ ಜಂಬೂರಾಯ ಹುತ್ತದ ಬಾಗಿಲಿಗೆ ಗಬಕ್ಕನೆ ಬಾಯಿ ಹಾಕಿದ. ಒಳಗೆ ಮುಳ್ಳಪ್ಪ ಬೆನ್ನು ತಿರುಗಿಸಿ ಕೂತಿದ್ದ.

‘ಅಯ್ಯಯ್ಯೋ, ನನ್ನ ಮೂತಿ!’

‘ಏನು ಜಂಬೂರಾಯರೇ,’ ಒಳಗಿನಿಂದ ಕೇಳಿದಳು ಚಂಗವ್ವ, ‘ಈಗ ಸರಿಯಾಗಿ ಕೇಳಿಸ್ತಾ?’

ಮೂತಿ ತುಂಬ ಮುಳ್ಳು ಹೊತ್ತು ಓಡಿದ ನರಿ ಮತ್ತೆ ಆ ಕಡೆ ಸುಳಿಯಲಿಲ್ಲ. ಚಂಗವ್ವ ಟೀವಿಯನ್ನು ಹೊರಗೆ ಉರುಳಿಸಿದಳು.

‘ಧಾರಾವಾಹಿಯಲ್ಲಿ ಮುಂದೇನಾಯ್ತೋ...’ ಕಿವಿಯಪ್ಪ ಗೊಣಗಿದ.

‘ಜಂಬೂರಾಯನನ್ನೇ ಕೇಳಿ ಬನ್ನಿ. ಪಾಪ, ಮನೆಯಲ್ಲೇ ಮಲಗಿ ಅದನ್ನೇ ನೋಡ್ತಿರ್ತಾನೆ!’

ನೀತಿ: ಮನೆಯೊಳಗೆ ತರುವ ಯಂತ್ರ ಏನು ತೋರಿಸುತ್ತದೆ ಎಂದಷ್ಟೇ ನೋಡಬಾರದು, ಅದು ಏನು ಕೇಳಿಸಿಕೊಂಡು ಯಾರಿಗೆ ಹೇಳುತ್ತದೆ ಎಂದೂ ತಿಳಿದು, ಆಮೇಲೆ ಒಪ್ಪಬೇಕು.