ಪುಕ್ಕಟೆ ಗಿಣಿ ಅಂಚೆ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆ ಮೇವಿಗೂ ನೀರಿಗೂ ಕೊರತೆ ಇರಲಿಲ್ಲ. ಸುದ್ದಿ ಮುಟ್ಟಿಸುವುದೊಂದೇ ದೊಡ್ಡ ಪಾಡಾಗಿತ್ತು. ಕಾಡಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಬಂಧುಗಳು ಅರ್ಧ ಈಚೆ, ಅರ್ಧ ಆಚೆ. ತಂಗಿ ಹೆತ್ತಳೇ, ಅಜ್ಜ ಹುಷಾರಾದನೇ ಎಂದು ತಿಳಿಯಬೇಕಾದರೆ ಸುತ್ತು ದಾರಿಯಲ್ಲಿ ಒಂದು ದಿನ ನಡೆಯಬೇಕು. ಹೋಗಿ ಮುಟ್ಟುವಷ್ಟರಲ್ಲಿ ಅಜ್ಜ ಎದ್ದು ಓಡಾಡುತ್ತಿರುತ್ತಿದ್ದ, ಅಜ್ಜಿ ಮಲಗಿರುತ್ತಿದ್ದಳು.

ಆ ಕಾಡಿನಲ್ಲಿ ಜಂಬಯ್ಯ ಎಂಬ ನರಿ ಇದ್ದ. ಅವನಿಗೆ ವಯಸ್ಸಾಗಿತ್ತು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಬೇಟೆಗೆ ಹೊರಟರೆ ಇಲಿಗಳು ಕೂಡ ನಿಂತು ನೋಡಿ ನಗುತ್ತಿದ್ದವು. ಹಾಗಾಗಿ ಒಂದು ಬೆಳಿಗ್ಗೆ ಅವನಿಗೆ ಸಮಾಜಸೇವೆಯ ಮೇಲೆ ಪ್ರೀತಿ ಹುಟ್ಟಿತು.

ಬೂರುಗದ ಮರದ ಗಿಣಿಗಳನ್ನು ಸೇರಿಸಿಕೊಂಡು ಅವನು 'ಗಿಣಿ ಅಂಚೆ' ತೆರೆದ. "ಸುದ್ದಿ ನೀವು ಹೇಳಿ, ಮುಟ್ಟಿಸೋದು ನಮ್ಮ ಗಿಣಿಗಳ ಕೆಲಸ. ಪೂರ್ತಿ ಪುಕ್ಕಟೆ!" ಎಂದು ಸಾರಿದ.

"ಇದರಿಂದ ನಿನಗೇನು ಸಿಗುತ್ತೆ?" ಎಂದು ಒಂದು ಉಡ ಕೇಳಿತು.

"ನಿಮ್ಮೆಲ್ಲರ ಸಂತೋಷ," ಎಂದ ಜಂಬಯ್ಯ. ಹೇಳುವಾಗ ಅವನ ಕಣ್ಣಲ್ಲಿ ನೀರೇ ಬಂತು. ನರಿಯ ಕಣ್ಣಲ್ಲಿ ನೀರು ಕಂಡ ಮೇಲೆ ಇನ್ನೇನು ಸಾಕ್ಷಿ ಬೇಕು? ಎಲ್ಲರೂ ಸಾಲು ನಿಂತರು.

ಅಂಚೆಗೆ ಸೇರುವವರು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು. ಹೆಸರೇನು? ಸುದ್ದಿ ಎಲ್ಲಿಗೆ ಹೋಗಬೇಕು? ಇಷ್ಟು ಸರಿ. ಆಮೇಲೆ, ಬಿಲಕ್ಕೆ ಎಷ್ಟು ಬಾಗಿಲು? ಮನೆಯಲ್ಲಿ ಮರಿಗಳೆಷ್ಟು? ನಿದ್ದೆ ಎಷ್ಟು ಹೊತ್ತಿಗೆ? ಯಾವ ಕಿವಿ ಮಂದ? ಕೊನೆಗೊಂದು ದೊಡ್ಡ ತೇಗದ ಎಲೆ. ಅದರ ತುಂಬ ಇರುವೆ ಸಾಲಿನಂಥ ಅಕ್ಷರಗಳು. ಕೆಳಗೆ 'ಒಪ್ಪಿದ್ದೇನೆ' ಎಂದು ಪಂಜ ಒತ್ತಬೇಕು. ಓದಿದವರು ಒಬ್ಬರೂ ಇಲ್ಲ. ಕಡವೆಯಂತೂ ಎಲೆ ಬಿಡಿಸುವ ಮೊದಲೇ ಗೊರಸು ಒತ್ತಿ, "ಆಯ್ತಾ?" ಎಂದಿತು.

ಸಾಲಿನಲ್ಲಿ ತುಂಬಕ್ಕ ಎಂಬ ಮೊಲ ಇದ್ದಳು. ಅವಳಿಗೆ ಮೂರು ಮರಿಗಳು. ತಂಗಿ ಹೊಳೆಯಾಚೆ ಇದ್ದಳು. ಅವಳ ಹಿಂದೆ ನಿಂತಿದ್ದವಳು ಸೂಜವ್ವ ಎಂಬ ಮುದಿ ಮುಳ್ಳುಹಂದಿ. ಸೂಜವ್ವನ ಮಗಳು ಆಚೆ ದಡದಲ್ಲಿ ತುಂಬು ಬಸುರಿ. ಸುದ್ದಿ ಮುದುಕಿಗೂ ಬೇಕಾಗಿತ್ತು.

"ಯಾವ ಕಿವಿ ಮಂದ ಅಂತ ಅವನಿಗೆ ಯಾಕಮ್ಮಾ ಬೇಕು?" ಎಂದು ಸೂಜವ್ವ ಪಿಸುಗುಟ್ಟಿದಳು.

"ಇನ್ನೊಂದು ಕಿವಿಯಲ್ಲಿ ಸುದ್ದಿ ಹೇಳೋಕೆ ಇರಬೇಕು. ಎಷ್ಟು ಒಳ್ಳೆಯವನು ನೋಡು," ಎಂದಳು ತುಂಬಕ್ಕ. "ನಮ್ಮ ಹತ್ತಿರ ಮುಚ್ಚಿಡೋದು ಏನಿದೆ ಅವ್ವಾ? ಕದ್ದಿದ್ದೀವಾ, ಕೊಂದಿದ್ದೀವಾ?"

ನಿಜವೇ. ಮೊಲದ ಹತ್ತಿರ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಮೊಲವೊಂದನ್ನು ಬಿಟ್ಟು.

ಸೂಜವ್ವನ ಸರದಿ ಬಂತು.

"ನಿನ್ನ ಬಿಲಕ್ಕೆ ಬಾಗಿಲೆಷ್ಟು, ಸೂಜವ್ವ?" ಎಂದ ಜಂಬಯ್ಯ.

"ನೋಡಪ್ಪಾ, ನನ್ನ ಸುದ್ದಿ ಮಗಳಿಗೆ ಮುಟ್ಟಬೇಕು. ಹೊಳೆಯಾಚೆ ಜೋಡಿ ನೇರಳೆ ಮರ ಇದೆ. ಅಲ್ಲಿ ಕೂತು ಹೆಸರು ಕೂಗಿದರೆ ಅವಳೇ ಬರ್ತಾಳೆ. ಉತ್ತರ ಕೇಳೋಕೆ ನಾನೇ ಈ ಮರದ ಬುಡಕ್ಕೆ ಬರ್ತೀನಿ. ಇದರಲ್ಲಿ ನನ್ನ ಬಾಗಿಲಿನ ಮಾತು ಎಲ್ಲಿ ಬಂತು?"

"ಪೂರ್ತಿ ವಿವರ ಇಲ್ಲದೆ ಸೇವೆ ಕೊಡೋಕೆ ಆಗಲ್ಲವಲ್ಲ. ಗಿಣಿಗೆ ದಾರಿ ತಪ್ಪುತ್ತೆ."

"ಇಲ್ಲ ಇಲ್ಲ, ಜೋಡಿ ನೇರಳೆ ನನಗೆ ಗೊತ್ತು!" ಎಂದಿತು ಮೇಲಿಂದ ಒಂದು ಗಿಣಿ. "ಅಷ್ಟು ಸಾಕು."

ಜಂಬಯ್ಯ ಗಿಣಿಯನ್ನು ಗುರಾಯಿಸಿದ. ಆದರೆ ಸಾಲಿನವರೆಲ್ಲ ನೋಡುತ್ತಿದ್ದರು. ಸಮಾಜಸೇವಕನಾದವನು ನಾಲ್ಕು ಜನರ ಮುಂದೆ ನಗಬೇಕಾಗುತ್ತದೆ. ನಕ್ಕು ಒಪ್ಪಿಕೊಂಡ.

ಅಂಚೆ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಸೂಜವ್ವನ ಮಗಳು ಹೆತ್ತ ಸುದ್ದಿ ಅದೇ ದಿನ ಸಂಜೆ ಬಂತು. ಮುದುಕಿ ಖುಷಿಗೆ ಮುಳ್ಳು ಗಲಗಲ ಅನ್ನಿಸುತ್ತ ಓಡಾಡಿದಳು. ತುಂಬಕ್ಕನಿಗಂತೂ ಗಿಣಿಗೆ ಹೇಳದೆ ಗರಿಕೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಚಿಕ್ಕವನು ಇವತ್ತು ಮೊದಲ ಸಲ ಜಿಗಿದ." "ಮಧ್ಯಾಹ್ನ ನಾವೆಲ್ಲ ಬಂಡೆ ಹಿಂದೆ ಮೇಯೋಕೆ ಹೋಗ್ತೀವಿ." "ಮನೆಯವರು ಮೂರು ದಿನ ಇರಲ್ಲ, ನಾನೊಬ್ಬಳೇ." ಹೀಗೆ ದಿನಕ್ಕೆ ಹತ್ತು ಸಲ. ಹತ್ತು ಮಾತಿಗೂ ತಂಗಿ "ಆಹಾ!" ಎಂದು ಉತ್ತರ ಕಳಿಸುತ್ತಿದ್ದಳು. ತಿಂಗಳಿಗೆ ಎರಡೇ ಸುದ್ದಿ ಕಳಿಸುವ ಸೂಜವ್ವನನ್ನು ಎಲ್ಲರೂ "ಅನುಮಾನದ ಮುದುಕಿ" ಎಂದು ಆಡಿಕೊಂಡರು.

ಜಂಬಯ್ಯ ಪ್ರತಿ ಸಂಜೆ ಗಿಣಿಗಳ ಬಾಯಿಂದ ಎಲ್ಲವನ್ನೂ ಕೇಳಿಕೊಳ್ಳುತ್ತಿದ್ದ. ನೇರವಾಗಿ ಗುಡ್ಡದಲ್ಲಿ ವಾಸವಾಗಿದ್ದ ಒಂದು ಚಿರತೆಯ ಹತ್ತಿರ ಹೋಗುತ್ತಿದ್ದ. ಯಾರು ಎಲ್ಲಿ, ಎಷ್ಟು ಹೊತ್ತಿಗೆ, ಜೊತೆಗೆ ಎಷ್ಟು ಜನ ಎಂದು ಒಪ್ಪಿಸುತ್ತಿದ್ದ. ಚಿರತೆ ತಿಂದು ಬಿಟ್ಟದ್ದು ಅವನ ಪಾಲು.

ಮೊದಲು ಜಿಂಕೆಯ ಮರಿ ಹೋಯಿತು. ಆಮೇಲೆ ಕಾಡುಕುರಿ. ಆಮೇಲೆ ಎರಡು ನವಿಲು. ಕಾಡೆಲ್ಲ ಸೊರಗುತ್ತಿದ್ದಾಗ ಜಂಬಯ್ಯ ಮಾತ್ರ ದುಂಡಗಾಗುತ್ತ ಬಂದ. ಪ್ರತಿ ಸಾವಿಗೂ ಅವನೇ ಮೊದಲು ಬಂದು ಗಟ್ಟಿಯಾಗಿ ಅತ್ತ.

"ಕಾಲ ಕೆಟ್ಟಿದೆ," ಎಂದ. "ನಿಮ್ಮ ಸುರಕ್ಷತೆಗಾಗಿ ಇನ್ನೊಂದೇ ಒಂದು ಪ್ರಶ್ನೆ. ಹೆದರಿಕೆಯಾದರೆ ಎಲ್ಲಿ ಬಚ್ಚಿಟ್ಟುಕೊಳ್ತೀರಿ? ಗೊತ್ತಿದ್ದರೆ ನಾವು ಕಾಯಬಹುದಲ್ಲ?"

ಎಂಥ ಕಾಳಜಿ! ತುಂಬಕ್ಕ ಕವಳೆ ಪೊದೆಯ ಹಿಂದಿನ ಕಲ್ಲುಸಂದಿಯನ್ನು ಹೇಳಿಬಿಟ್ಟಳು.

ಮರುದಿನ ಮಧ್ಯಾಹ್ನ ಜಂಬಯ್ಯ ಅವಳ ಬಾಗಿಲಿಗೆ ಬಂದು, "ಚಿರತೆ ಬಂತು, ಓಡು ತಂಗೀ!" ಎಂದು ಕೂಗಿದ. ಅವಳು ಮರಿಗಳನ್ನು ಕರೆದುಕೊಂಡು ಕಲ್ಲುಸಂದಿಗೆ ಓಡಿದಳು. ಚಿರತೆ ಅಲ್ಲಿಯೇ ಕೂತಿತ್ತು.

ಹೋಗುವಾಗ ಮೂರು ಮರಿಗಳಿದ್ದವು. ಬರುವಾಗ ಎರಡು.

ಆ ಸಂದಿ ಅವಳ ಗಂಡನಿಗೂ ಗೊತ್ತಿರಲಿಲ್ಲ. ತುಂಬಕ್ಕ ಉಳಿದ ಮರಿಗಳನ್ನು ಕರೆದುಕೊಂಡು ಸೂಜವ್ವನ ಹತ್ತಿರ ಬಂದಳು. "ನಾನೇ ಹೇಳಿದ್ದು ಅವ್ವಾ. ನನ್ನ ಬಾಯಿಂದಲೇ ಹೇಳಿದೆ. ಜಂಬಯ್ಯನನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ."

'ನಾನು ಅವತ್ತೇ ಹೇಳಿದ್ದೆ' ಎನ್ನಲು ಸೂಜವ್ವನಿಗೆ ಪೂರ್ತಿ ಹಕ್ಕಿತ್ತು. ಅವಳು ಅನ್ನಲಿಲ್ಲ. ಮರಿಗಳನ್ನು ಒಳಗೆ ಕರೆದು ಗೆಣಸು ಕೊಟ್ಟಳು. ತುಂಬಕ್ಕ ಅತ್ತು ಮುಗಿಸುವ ತನಕ ಪಕ್ಕದಲ್ಲಿ ಕೂತಳು.

"ಅಂಚೆ ಬಿಟ್ಟುಬಿಡ್ತೀನಿ. ಇನ್ನು ಯಾರ ಸುದ್ದಿಯೂ ಬೇಡ," ಎಂದಳು ತುಂಬಕ್ಕ.

"ತಂಗಿ ಮೇಲೆ ಯಾಕೆ ಮುನಿಸು? ಬಿಡೋದು ಬೇಡ. ನಾಳೆ ಒಂದು ಸುದ್ದಿ ಕಳಿಸು, ನಾನು ಹೇಳಿಕೊಟ್ಟ ಹಾಗೆ."

ಮರುದಿನ ತುಂಬಕ್ಕ ಗಿಣಿಗೆ ಹೇಳಿದಳು: "ತಂಗೀ, ಮನೆ ಬದಲಾಯಿಸಿದೆ. ಕಕ್ಕೆ ಮರದ ಹತ್ತಿರದ ಹಳೇ ಬಿಲ. ಒಂದೇ ಬಾಗಿಲು. ಮರಿಗಳಿಗೆ ಮೈ ಸರಿಯಿಲ್ಲ. ನಾಳೆ ಸಂಜೆಯವರೆಗೆ ಎಲ್ಲರೂ ಒಳಗೇ ಮಲಗಿರ್ತೀವಿ."

ಈ ಸುದ್ದಿ ಹೊತ್ತು ಜಂಬಯ್ಯ ಗುಡ್ಡಕ್ಕೆ ಓಡಿದ ರೀತಿ ನೋಡಿದ್ದರೆ ಯಾರೂ ಅವನನ್ನು ಮುದುಕ ಎನ್ನುತ್ತಿರಲಿಲ್ಲ. ಮಾರನೆಯ ದಿನ ಚಿರತೆ ಬಂತು. ಒಂದೇ ಬಾಗಿಲು ತಾನೇ ಎಂದು ಧೈರ್ಯವಾಗಿ ಮುಖ ತೂರಿಸಿತು. ಒಳಗೆ ಸೂಜವ್ವ ಬಾಗಿಲಿಗೆ ಬೆನ್ನು ಹಾಕಿ, ಮುಳ್ಳು ನಿಮಿರಿಸಿ ಕೂತಿದ್ದಳು. ಒಂದೇ ಸಲಕ್ಕೆ ಹಿಂದಕ್ಕೆ ನುಗ್ಗಿದಳು.

ಮೂಗಿನಲ್ಲಿ, ತುಟಿಯಲ್ಲಿ, ನಾಲಗೆಯಲ್ಲಿ ಮುಳ್ಳೇ ಮುಳ್ಳು. ಚಿರತೆಯ ಕೂಗು ಕಾಡಿಗೆಲ್ಲ ಕೇಳಿತು. ಪೊದೆಯ ಮರೆಯಲ್ಲಿ ಕಾದಿದ್ದ ಜಂಬಯ್ಯ, ಬೇಟೆ ಮುಗಿಯಿತೆಂದುಕೊಂಡು ತುಟಿ ನೆಕ್ಕುತ್ತ ಹೊರಗೆ ಬಂದ.

"ಊಟ ಹೇಗಿತ್ತು ದೊರೆ?"

ಚಿರತೆಗೆ ಮಾತಾಡಲು ಆಗಲಿಲ್ಲ. ಉತ್ತರವನ್ನು ಪಂಜದಿಂದ ಕೊಟ್ಟಿತು. ಜಂಬಯ್ಯನ ಬಾಲ ಅಲ್ಲಿಯೇ ಉಳಿಯಿತು, ಮಿಕ್ಕ ಜಂಬಯ್ಯ ಓಡಿ ಹಳ್ಳದ ಪೊದೆಯಲ್ಲಿ ಅಡಗಿದ. ಚಿರತೆ ಕಕ್ಕೆ ಮರದಲ್ಲಿ ಕೂತಿದ್ದ ಗಿಣಿಗಳ ಕಡೆ ಕತ್ತೆತ್ತಿ ನೋಡಿತು.

"ಎಡಗಡೆ ಹಳ್ಳ, ಲಂಟಾನ ಪೊದೆಯ ಕೆಳಗೆ. ಒಬ್ಬನೇ ಇದ್ದಾನೆ," ಎಂದು ಗಿಣಿಗಳು ವಿನಯದಿಂದ ತಿಳಿಸಿದವು. ನೋಡಿದ್ದು, ಕೇಳಿದ್ದು ಯಾವುದನ್ನೂ ಮುಚ್ಚಿಡಬಾರದೆಂದು ಅವಕ್ಕೆ ಕಲಿಸಿದ್ದು ಅವನೇ ಅಲ್ಲವೇ!

ಜಂಬಯ್ಯ ಅಲ್ಲಿಂದ ಎದ್ದು ಬಿದ್ದು ಓಡಿದವನು ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ. ಮೂತಿ ಊದಿಸಿಕೊಂಡ ಚಿರತೆಯೂ ಗುಡ್ಡ ಬಿಟ್ಟು ದೂರ ಹೋಯಿತು.

ಪ್ರಾಣಿಗಳಿಗೆ ಈಗ ಗಿಣಿಗಳ ಮೇಲೆ ಸಿಟ್ಟು ಬಂತು. "ಓಡಿಸಿಬಿಡೋಣ!" ಎಂದರು.

"ಓಡಿಸಿ, ನಾಳೆಯಿಂದ ಮೊಮ್ಮಗನ ಸುದ್ದಿಗೆ ನಾನು ಒಂದು ದಿನ ನಡೀಲಾ?" ಎಂದು ಸೂಜವ್ವ ಗದರಿದಳು. "ಗಿಣಿಗಳು ಇರಲಿ. ಹೆಸರು ಕೇಳಲಿ, ಯಾವ ಮರಕ್ಕೆ ಹೋಗಬೇಕು ಅಂತ ಕೇಳಲಿ. ಸುದ್ದಿ ಮುಟ್ಟಿಸಿದ ಮೇಲೆ ಮರೆತುಬಿಡಲಿ."

"ಬದುಕಿದೆವು!" ಎಂದವು ಗಿಣಿಗಳು. "ಎಲ್ಲರ ಬಾಗಿಲು ನೆನಪಿಟ್ಟು ತಲೆ ಸಿಡಿಯುತ್ತಿತ್ತು."

ಕೆಲವು ದಿನಗಳ ಮೇಲೆ ತುಂಬಕ್ಕನಿಗೆ ತಂಗಿಯಿಂದ ಸುದ್ದಿ ಬಂತು. "ಅಕ್ಕಾ, ಮರಿಗಳು ಹೇಗಿವೆ? ಈಗ ಎಲ್ಲಿ ಮಲಗ್ತವೆ?"

ತುಂಬಕ್ಕ ಆಡುತ್ತಿದ್ದ ಮರಿಗಳ ಕಡೆ ನೋಡಿದಳು. "ಚೆನ್ನಾಗಿ ಮಲಗ್ತವೆ ಅಂತ ಹೇಳು," ಎಂದಳು ಗಿಣಿಗೆ. "ಎಲ್ಲಿ ಅನ್ನೋದನ್ನು ಅವಳು ಬಂದಾಗ ತೋರಿಸ್ತೀನಿ."

ನೀತಿ: ಅನುಕೂಲ ಬೇಕು, ಬಳಸಿ. ಆದರೆ ಕೆಲಸಕ್ಕೆ ಬೇಕಾದಷ್ಟನ್ನೇ ಹೇಳಿ. ಕೊಂಬೆಯ ಮೇಲಿನ ಗಿಣಿಯಾಗಲಿ, ಕೈಯಲ್ಲಿರುವ ಮೊಬೈಲಾಗಲಿ, ಪುಕ್ಕಟೆ ಸೇವೆಯ ನೆಪದಲ್ಲಿ ಯಾರಾದರೂ ನಿಮ್ಮ ಮನೆಯ ಬಾಗಿಲು ಎಣಿಸತೊಡಗಿದರೆ, ಯಾರಿಗಾಗಿ ಎಣಿಸುತ್ತಿದ್ದಾರೆಂದು ಮೊದಲು ಕೇಳಿ.