ಕೆಂಡ ತುಂಬಿದ ಎದೆಗವಚ

ಶಿಷ್ಯನೊಬ್ಬ ಬಂದು ಕೇಳಿದ: "ಗುರುಗಳೇ, ಅಕ್ಕನಿಗೆ ಕಾಯಿಲೆಯಂತೆ, ಊರಿನಿಂದ ಹೇಳಿಕಳಿಸಿದ್ದಾರೆ. ಹೋದರೆ ಇಷ್ಟು ವರ್ಷ ಮಾಡಿದ ಸಾಧನೆ ಕೆಡುತ್ತದೆ. ಏನು ಮಾಡಲಿ?"

ಗುರುಗಳು ನಕ್ಕರು. "ಅಷ್ಟು ಬೇಗ ಕೆಡುವಂಥದ್ದನ್ನು ಇಷ್ಟು ವರ್ಷ ಮಾಡಿದೆಯಾ? ಇರಲಿ, ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ಸೈನಿಕನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ ರಾಜ ಉಕ್ಕಿನ ಎದೆಗವಚ ಕೊಟ್ಟಿದ್ದ. ಅದರ ಮೈತುಂಬ ಚಿನ್ನದ ಎಳೆಗಳಲ್ಲಿ ಮೂಡಿಸಿದ ಬಳ್ಳಿ, ಬಳ್ಳಿಯ ಮೇಲೆ ಗಿಳಿಗಳು. ಯುದ್ಧ ಮುಗಿದು ಎಷ್ಟೋ ಕಾಲವಾಗಿತ್ತು. ಸೈನಿಕ ಅದನ್ನು ದಿನವೂ ಒರೆಸುತ್ತಿದ್ದ, ಮಹಾನವಮಿಗೆ ಪೂಜೆ ಮಾಡುತ್ತಿದ್ದ. ಹೆಂಡತಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಒಂದು ಮಂಜಿನ ಬೆಳಗ್ಗೆ ಅವಳು ದಿನ ತುಂಬುವ ಮೊದಲೇ ಹೆತ್ತಳು. ಮಗು ತಣ್ಣಗಿತ್ತು, ಅಳಲಿಲ್ಲ. ಸೈನಿಕನಿಗೆ ಪುರುಡಿನ ಚಿಂತೆ ಹತ್ತಿತು. ಹೆರಿಗೆಯಾದ ಮನೆಯಲ್ಲಿ ಪೂಜೆಯ ಆಯುಧ ಇರಬಾರದೆಂಬುದು ಅವರ ಕಟ್ಟಳೆ. ಕವಚವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದ ಮನೆಗೆ ಹೊರಟ. ಹೊಸ್ತಿಲು ದಾಟುವಾಗ ಒಳಗೆ ಸದ್ದಾಯಿತು. ಮಗುವಿಗೆ ಕಾವು ಕೊಡುತ್ತಿದ್ದ ಕೆಂಡದ ಮಡಕೆ ಒಡೆದಿತ್ತು.

ಸೂಲಗಿತ್ತಿ ಹೊರಗೆ ಬಂದು ಕೈ ಚಾಚಿದಳು. "ಅದನ್ನಿತ್ತ ಕೊಡಪ್ಪ."

"ಇದು ರಾಜರು ಕೊಟ್ಟಿದ್ದು ಕಣಮ್ಮ. ಚಿನ್ನ ಹಾಳಾಗುತ್ತೆ."

"ಮಗು ಯಾರು ಕೊಟ್ಟಿದ್ದು?"

ಸೈನಿಕನ ಹಿಡಿತ ಸಡಿಲವಾಯಿತು. ಅವಳು ಕವಚವನ್ನು ಅಂಗಾತ ಮಲಗಿಸಿ, ಬೂದಿ ಹಾಸಿ, ಕೆಂಡ ಸುರಿದು ಮಗುವಿನ ಪಕ್ಕಕ್ಕೆ ಸರಿಸಿದಳು. ಸೈನಿಕ ಗೋಡೆಗೊರಗಿ ನೋಡುತ್ತ ಕೂತ. ಉಕ್ಕು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಚಿನ್ನದ ಎಳೆಗಳು ಬಿಟ್ಟುಕೊಂಡವು. ಬಳ್ಳಿ ಗಾಳಿಗೆ ಅಲುಗಿತು. ಗಿಳಿಯೊಂದು ಎದ್ದು, ಹೊಗೆಯ ಜೊತೆ ತೊಲೆಯವರೆಗೆ ಹಾರಿ, ಹೊರಗಿನ ಮಂಜಿನಲ್ಲಿ ಸೇರಿಹೋಯಿತು. ಅದರ ಹಿಂದೆ ಇನ್ನೊಂದು. ತಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಅವನಿಗೆ ತಿಳಿಯಲಿಲ್ಲ. ಹೋಗುವ ಗಿಳಿಗಳನ್ನು ಅವನು ತಡೆಯಲಿಲ್ಲ. ಮಗುವಿಗಾಗಿ ಮಾತ್ರ ಅವನ ಎದೆ ಹೊಡೆದುಕೊಳ್ಳುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ. ಕೊನೆಗೆ ತಡೆಯಲಾರದೆ ಕೇಳಿದ: "ಆಮೇಲೆ ಆ ಚಿನ್ನ ಬೂದಿಯಲ್ಲಿ ಸಿಕ್ಕಿತೇ, ಗುರುಗಳೇ?"

"ಮಗು ಬದುಕಿತೇ ಎಂದು ಕೇಳುತ್ತೀಯೇನೋ ಅಂತ ಕಾಯುತ್ತಿದ್ದೆ" ಎಂದರು ಗುರುಗಳು.