ಗುಡ್ಡ ಹತ್ತದ ಸಂತೆ

ತಾನು ಕೂತಲ್ಲಿ ಲಕ್ಷ್ಮಿ ಕೂರುತ್ತಾಳೆ, ತಾನು ಎದ್ದರೆ ಅವಳೂ ಸೆರಗು ಕೊಡವಿಕೊಂಡು ಹಿಂದೆಯೇ ಬರುತ್ತಾಳೆ ಎಂದು ಭುಜಬಲರಾಯ ನಂಬಿದ್ದ. ಆಸ್ಥಾನದ ಭಟ್ಟಂಗಿಗಳು ಇದನ್ನೇ ದಿನಾ ಬೆಳಗ್ಗೆ ಹಾಡುತ್ತಿದ್ದರು. ರಾಯನಿಗೆ ಒಂದು ದಿನವೂ ಬೇಸರವಾದದ್ದಿಲ್ಲ.

ಅವನ ರಾಜಧಾನಿ ಹೊಳೆಮಟ್ಟದಲ್ಲಿ ವಾರಕ್ಕೊಮ್ಮೆ ಭಾರೀ ಸಂತೆ. ಸಮುದ್ರದ ಉಬ್ಬರ ಹೊಳೆಯೊಳಗೆ ನುಗ್ಗಿ ಅಲ್ಲಿಯವರೆಗೆ ಬರುತ್ತಿತ್ತು. ಅದರ ಬೆನ್ನೇರಿ ಉಪ್ಪು, ಒಣಮೀನಿನ ದೋಣಿಗಳು ಬರುತ್ತಿದ್ದವು. ಘಟ್ಟದ ದಾರಿ ಇಳಿಯುವುದೂ ಅಲ್ಲಿಗೇ. ಮೆಣಸು, ಅಕ್ಕಿ ಹೊತ್ತ ಎತ್ತುಗಳು ಸಾಲುಸಾಲಾಗಿ ಇಳಿದು ಬರುತ್ತಿದ್ದವು. ಸುಂಕವೆಲ್ಲ ಬೊಕ್ಕಸಕ್ಕೆ, ಒಣಮೀನಿನ ವಾಸನೆಯೆಲ್ಲ ಅರಮನೆಗೆ.

ವಾಸನೆ ತಡೆಯಲಾರದೆ ರಾಯ ಗಾಳಿಗುಡ್ಡದ ನೆತ್ತಿಯಲ್ಲಿ ಹೊಸ ಅರಮನೆ ಕಟ್ಟಿಸಿಕೊಂಡು ಹೋದ. ಸಂತೆ ಹೋಗಲಿಲ್ಲ. ಸುಂಕದವನು ಹೊಸ ಅರಮನೆಯ ಅಂಗಳ ಗುಡಿಸಿಕೊಂಡು ದಿನವಿಡೀ ಕಾದ. ಬಂದದ್ದು ಒಂದು ಮೇಕೆ, ಅದೂ ಮಾರಾಟಕ್ಕಲ್ಲ.

ರಾಯ ಕೆಂಡಾಮಂಡಲವಾದ. ಮುಂದಿನ ಸಂತೆ ಗುಡ್ಡದ ಮೇಲೆಯೇ ಕೂಡಬೇಕು, ಒಣಮೀನು ಮಾತ್ರ ತರಕೂಡದು, ಬಾರದವರ ದೋಣಿ ಸುಟ್ಟು ಎತ್ತು ಎಳೆದು ತರಬೇಕು ಎಂದು ಅಪ್ಪಣೆ ಕೊಟ್ಟ. ಡಂಗುರ ಸಾರಿಸಿ ಸಂತೆಯನ್ನು ಕರೆತರುವ ಕೆಲಸ ಆಸ್ಥಾನದ ಮಾತುಗಾರ ಕೇತಣ್ಣನ ತಲೆಗೆ ಬಿತ್ತು.

ಡಂಗುರ ಕೇಳಿದ್ದೇ, ಉಪ್ಪು ಮಾರುವ ದುಗ್ಗಮ್ಮ ಮೂಟೆ ಇಳಿಸಿ ಕೇತಣ್ಣನಿಗೆ ಅಡ್ಡ ನಿಂತಳು.

"ನಾನು ಉಪ್ಪು ಹೊತ್ತು ಗುಡ್ಡ ಹತ್ತಿ ಇಳಿಯೋದ್ರೊಳಗೆ ನೀರು ತಿರುಗಿ ಹೋಗಿರುತ್ತೆ ಅಯ್ಯಾ. ದೋಣಿ ಕೆಸರಲ್ಲಿ ಕೂತ್ಕೊಳ್ಳುತ್ತೆ. ಹತ್ತದಿದ್ರೆ ನೀವು ಸುಡ್ತೀರಿ. ಆ ದೋಣಿ ಬಿಟ್ರೆ ನಂಗೆ ಇನ್ನೇನಿದೆ?"

ಅವಳು ಹೇಳಿದ್ದು ನಿಜವೆಂದು ಕೇತಣ್ಣನಿಗೂ ಗೊತ್ತಿತ್ತು. ಆದರೆ ರಾಯನಿಗೆ ಬುದ್ಧಿ ಹೇಳಿ ತಲೆ ಉಳಿಸಿಕೊಂಡವರನ್ನು ಅವನು ಕಂಡಿರಲಿಲ್ಲ. ಹಾಗಾಗಿ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿಬಿಡುವುದೆಂದು ತೀರ್ಮಾನಿಸಿದ. ಡಂಗುರದವನನ್ನು ಹೊಳೆಯಂಚಿಗೆ ಕರೆದೊಯ್ದು ನೀರಿಗೆ ಮುಖ ಮಾಡಿಸಿ ಇನ್ನೊಮ್ಮೆ ಸಾರಿಸಿದ. ಘಟ್ಟದ ಬುಡಕ್ಕೆ ಹೋಗಿ ಅಲ್ಲಿಯೂ ಸಾರಿಸಿದ. ಪಾಪ, ಒಳ್ಳೆಯ ಮನುಷ್ಯ, ತಲೆ ಕೆಟ್ಟಿತು ಎಂದು ಜನ ಮಾತಾಡಿಕೊಂಡರು.

ಸಂತೆಯ ದಿನ ಅವನು ಒಂದು ದಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಒಬ್ಬನೇ ಗುಡ್ಡ ಹತ್ತಿದ.

"ಎಲ್ಲಿ ಸಂತೆ?" ಎಂದ ರಾಯ.

"ಇಬ್ಬರು ಅಪ್ಪಣೆ ಮೀರಿದ್ದಾರೆ, ಪ್ರಭು. ಅವರು ಬಾರದ ಹೊರತು ಮಿಕ್ಕವರು ಹೆಜ್ಜೆ ಎತ್ತುವಂತಿಲ್ಲ. ಹಗ್ಗ ತಂದಿದ್ದೇನೆ, ಕಟ್ಟಿ ತರಲು ಸೈನ್ಯ ಬೇಕು. ತಪ್ಪು ಆ ಇಬ್ಬರದೇ ಆದರೆ ಉಳಿದವರಿಗೆ ಶಿಕ್ಷೆಯಿಲ್ಲ ತಾನೇ?"

"ಇಲ್ಲ, ಮಾತು ಕೊಟ್ಟೆ. ಯಾರವರು?"

"ಒಬ್ಬ ಸಮುದ್ರದ ಉಬ್ಬರ. ಹೊಳೆಮಟ್ಟದವರೆಗೆ ಬಂದು ಹಿಂದಿರುಗುತ್ತಾನೆ. ಗುಡ್ಡ ಹತ್ತು ಅಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಇನ್ನೊಬ್ಬ ಘಟ್ಟ. ತನ್ನ ದಾರಿಯನ್ನು ಅಲ್ಲಿಗೇ ಇಳಿಬಿಟ್ಟು ಕೂತಿದ್ದಾನೆ. ಸ್ವಲ್ಪ ಈ ಕಡೆ ಸರಿ ಅಂದೆ, ಕದಲಲಿಲ್ಲ. ನಿಮ್ಮ ಅಜ್ಜನ ಕಾಲದಿಂದ ಬೊಕ್ಕಸ ತುಂಬುತ್ತಾ ಬಂದವರು, ಅವರ ಮೇಲೆ ಕೈ ಮಾಡಲು ನನಗೆ ಮನಸ್ಸಾಗಲಿಲ್ಲ."

ರಾಯನ ಮುಖ ಕೆಂಪಾಯಿತು.

"ಅಂದರೆ ರಾಜ್ಯವನ್ನು ಸಾಕುತ್ತಿರುವವರು ಅವರಿಬ್ಬರು. ನಾನು ಇರುವುದು ಯಾತಕ್ಕೆ?"

"ಆಳುವುದಕ್ಕೆ, ಪ್ರಭು. ಅವರಿಬ್ಬರು ಒಂಚೂರು ಆಚೀಚೆ ಸರಿದರೂ ನಾಡು ಉಪವಾಸ ಬೀಳುತ್ತದೆ. ತಾವು ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು. ಈಗ ಇಲ್ಲಿಗೆ ಬಂದಿದ್ದೀರಲ್ಲ, ಕೆಳಗೆ ಯಾರಿಗೂ ಗೊತ್ತೇ ಆಗಿಲ್ಲ."

ರಾಯ ಕೇತಣ್ಣನನ್ನು ದುರುಗುಟ್ಟಿ ನೋಡಿದ. ಆಮೇಲೆ ಅವನಿಗೇ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. ದೋಣಿ ಸುಡುವ ಮಾತು ಅಲ್ಲಿಗೇ ಬಿತ್ತು. ತನ್ನ ಕೈಯ ಕಡಗ ಕಳಚಿ ಕೇತಣ್ಣನಿಗೆ ತೊಡಿಸಿದ. ಆದರೂ ಅರಸನಲ್ಲವೇ, ಸೋತೆ ಎನ್ನುವುದು ಹೇಗೆ?

"ಕೆಳಗೆ ಹೋಗಿ ಇನ್ನೊಂದು ಡಂಗುರ ಸಾರಿಸು," ಎಂದ ಗಂಭೀರವಾಗಿ. "ಉಬ್ಬರವನ್ನೂ ಘಟ್ಟವನ್ನೂ ನಾನು ಕ್ಷಮಿಸಿದ್ದೇನೆ."